ಐತಾರದ ಗಾಳಿ

ವಾರದ ಆರು ದಿನ ಕೌಲ್ ಬಜಾರಿನ ಶೆಡ್ಡಿನಲ್ಲಿ
ಅರವತ್ತು ಪದರ ಡೆನಿಮ್ ಹಾಸಿ
ಸೀಮೆಸುಣ್ಣದ ಗೆರೆಯ ಮೇಲೆ ಮಷೀನು ಓಡಿಸುತ್ತೇನೆ.
ಉಗುರಲ್ಲಿ ನೀಲಿ, ಕಿವಿಯಲ್ಲಿ ನೀಲಿ,
ಸೀನಿದರೆ ಕರವಸ್ತ್ರವೂ ನೀಲಿ.
ಒಂದು ಪ್ಯಾಂಟು ಆರುನೂರು ಗ್ರಾಂ.
ನನ್ನ ವಿಮಾನ, ರೆಕ್ಕೆ ಬಾಲ ಬ್ಯಾಟರಿ ಎಲ್ಲ ಸೇರಿ,
ಇನ್ನೂರ ಎಂಬತ್ತು.
ಒಂದು ಕಾಲಿಗೂ ಸಾಲದ ತೂಕ.

ತೂಗಿದ್ದು ಗಾದಿಲಿಂಗನ ಬೆಳ್ಳಿ ಅಂಗಡಿಯಲ್ಲಿ.
‘ಇಂಜಿನ್ನು ಎಲ್ಲೈತಿ?’
ಇಲ್ಲ ಅಂದೆ.
‘ಮತ್ತ ಹೆಂಗ ಹಾರ್ತೈತಪ?’
ಅದು ತಕ್ಕಡಿಗೆ ಬರುವ ಮಾತಲ್ಲ, ಐತಾರ ಬಾ ಅಂದೆ.
ಬಂದ. ಬಿಸಿಲಿಗೆಂದು ಕೊಡೆ ತಂದ.

ಬಳ್ಳಾರಿಗೆ ಎರಡೇ ಕಾಲ, ಬ್ಯಾಸಿಗಿ, ಕಡುಬ್ಯಾಸಿಗಿ
ಅಂತ ಬೀಗರು ನಗುವುದುಂಟು.
ನಗಲಿ. ಅವರ ತಂಪು ಊರಿನ ಗಾಳಿ
ಕೆರೆಯಲ್ಲಿ ಬಿದ್ದ ಎಮ್ಮೆ, ಎಬ್ಬಿಸಿದರೂ ಏಳದು.
ಇಲ್ಲಿ, ಕುರುಗೋಡಿನ ದಾರಿಯಲ್ಲಿ, ಹತ್ತೂವರೆಗೆಲ್ಲ
ಬಂಡೆ ಕಾದು, ಉತ್ತ ಎರೆಹೊಲ ಕಾದು,
ಕಣದಲ್ಲಿ ಹರವಿದ ಮೆಣಸಿನಕಾಯಿ ಕಾದು
ನೆಲದಿಂದ ಏನೋ ಬಿಡಿಸಿಕೊಂಡು ಮೇಲೇಳುತ್ತದೆ.
ಕಾಣುವುದಿಲ್ಲ.
ಹತ್ತಿಯ ಎಳೆಯೊಂದು ನೆಟ್ಟಗೆ ಏರಿದರೆ ಅಲ್ಲಿದೆ.
ಬೆನ್ನಿಗಿದ್ದ ಗಾಳಿ ತಟ್ಟನೆ ಕೆನ್ನೆಗೆ ಬಂದರೆ ಅಲ್ಲೆಲ್ಲೋ ಇದೆ.
ಮೆಣಸಿನಕಾಯಿ ಆರಿಸುವ ಹೆಂಗಸರ ಸೀನು
ಎಲ್ಲರದೂ ಒಮ್ಮೆಗೇ ನಿಂತರೆ
ಘಾಟು ಮೇಲೆ ಹೊರಟಿದೆ ಎಂದೇ ಅರ್ಥ.

ನಿಂತಿತು.

ಐವತ್ತಾರರ ಸೊಂಟ ಒಂದು ಸುತ್ತು ಗಿರ್ರನೆ ತಿರುಗಿ
ರೆಕ್ಕೆಯ ತುದಿಯ ಗೂಟವನ್ನು ಬೆರಳು ಬಿಟ್ಟಿತು.
ಸುಂಯ್ ಅಂತ ಹೋಯಿತು. ಆಮೇಲೆ ಆ ಸದ್ದೂ ಇಲ್ಲ.

ಇದನ್ನು ಕಲಿಯುವವರೆಲ್ಲ ಮುರಿದುಕೊಳ್ಳುವುದು ಒಂದೇ ಕಡೆ:
ದೂರ ಹೋಗುವಾಗ ಅದರ ಎಡ ನಮ್ಮ ಎಡ,
ನಮ್ಮತ್ತ ಬರುವಾಗ ಅದರ ಎಡ ನಮ್ಮ ಬಲ.
ಆ ತಪ್ಪಿಗೆ ನಾನು ಒಂದು ರೆಕ್ಕೆಯನ್ನೂ ಮುರಿದಿಲ್ಲ
(ಬೇರೆ ತಪ್ಪುಗಳಿಗೆ ಏಳು).
ಮೂವತ್ತು ವರ್ಷ ಬಟ್ಟೆ ಮಗುಚಿ ಕತ್ತರಿಸಿದವನಿಗೆ
ಎಡಗಾಲು ಬಲಗಾಲಿನ ಕನ್ನಡಿ ಎಂಬುದು
ಕೈಗೇ ಗೊತ್ತು.

ಕಣದ ಮೇಲೆ ಹೋದಾಗ ಎಡರೆಕ್ಕೆ ಇಷ್ಟೇ ಇಷ್ಟು ಎದ್ದಿತು,
ಸಂತೆಯಲ್ಲಿ ಯಾರೋ ಮೊಣಕೈ ಮುಟ್ಟಿ ಕರೆದ ಹಾಗೆ.
ಕರೆದತ್ತ ತಿರುಗಿಸಿದೆ.
ಒಂದು ಸುತ್ತು, ಇನ್ನೊಂದು,
ಪ್ರತಿ ಸುತ್ತಿಗೂ ಒಂದು ಮಾಳಿಗೆ ಎತ್ತರ,
ಹದ್ದೊಂದು ಬಂದು ಅದೇ ಸುಳಿಗೆ ಸೇರಿ
ನಮ್ಮನ್ನು ಕೇಳದೆ ಮೇಲಿನ ಮಹಡಿ ಹಿಡಿಯಿತು.
ಎರಡೂ ರೆಕ್ಕೆ ಬಡಿಯಲಿಲ್ಲ.
ನನ್ನ ಎದೆಯೊಂದೇ ಬಡಿಯುತ್ತಿದ್ದದ್ದು,
ಇಷ್ಟಕ್ಕೆ ಸಾಕು ಇಳಿಸು ಎಂದು ಬುದ್ಧಿ ಹೇಳುತ್ತಿದ್ದರೂ
ಹೆಬ್ಬೆರಳು ಕೇಳಲಿಲ್ಲ.

ಆಮೇಲೆ ಬರೀ ಬಿಳುಪು.
ಬಲಗಣ್ಣಿಗೆ ಪೊರೆ ಬಂದು ವರ್ಷವಾಯಿತು,
ಎಡಗಣ್ಣೊಂದಕ್ಕೆ ಆಕಾಶ ಜಾಸ್ತಿ.
‘ಗಾದಿಲಿಂಗಾ, ಕಾಣವಲ್ದು!’
ಒರೆಗಲ್ಲಿನ ಮೇಲಿನ ಗೆರೆ ನೋಡಿ ಬಾಳಿದ ಕಣ್ಣು ಅವನದು.
‘ಅಲ್ಲೈತಿ. ಹದ್ದಿನ ಬಲಕ್ಕ. ಅಕ್ಕಿಕಾಳು ಇದ್ದಂಗ.
ಹೊಳ್ಳಿಸು. ಹೊಳ್ಳಿಸಲೇ! ಹಾಂ, ಈಗ ಬೆಳ್ಳಗಾತು.’
ಅವನ ಕಣ್ಣು, ನನ್ನ ಬೆರಳು,
ಅವನು ನನ್ನ ಭುಜ ಹಿಡಿದದ್ದು ನೋಡಿದರೆ
ಬಾವಿಗೆ ಬಿದ್ದವನನ್ನು ಎತ್ತುತ್ತಿದ್ದ.
ಹಾಗೆ ಇಬ್ಬರೂ ಸೇರಿ, ಬೈದುಕೊಳ್ಳುತ್ತಾ,
ಹನ್ನೊಂದು ನಿಮಿಷ ಇಳಿಸಿದೆವು.

ಕೈಗೇ ಬಂತು. ಹಿಡಿದೆ.
‘ಮುಟ್ಟಿ ನೋಡು’ ಅಂದೆ.
ರೆಕ್ಕೆ ತಣ್ಣಗಿತ್ತು,
ಗಡಿಗೆಯ ಹೊರಮೈ ಹಾಗೆ.
ಗಾದಿಲಿಂಗ ಕೆನ್ನೆಗೆ ಒತ್ತಿಕೊಂಡ,
ಆ ಕೆನ್ನೆ ಆಯಿತು, ಈ ಕೆನ್ನೆ.
ಕೊಡೆ ಬಿಚ್ಚದೆ ನೆಲದಲ್ಲೇ ಬಿದ್ದಿತ್ತು.

‘ಎಷ್ಟಾತು ಇದಕ್ಕ?’
ಹೇಳಿದೆ.
‘ಮನ್ಯಾಗ ಹೇಳೀಯೇನು?’
ಗಾಳಿಯ ಕಡೆ ಮುಖ ಮಾಡಿ ನಿಂತೆ.
ಅದು ಆಗಲೇ ತಿರುಗಿತ್ತು,
ಕಣದಲ್ಲಿ ಮತ್ತೆ ಯಾರೋ ಸೀನಿದರು.